ಬೋರಲು ಹಾಕಿದ ತಟ್ಟೆ

ಮರ್ಫಿ ಟೌನ್, ಬೆಂಗಳೂರು
ಗುರುವಾರ

ಪ್ರೀತಿಯ ಅವ್ವ,

ನನ್ನ ಮದುವೆ ಆಗಿಹೋಯಿತು, ಹೋದ ಭಾನುವಾರ, ಸುಗತನ ಜೊತೆ! ಕೂತಲ್ಲಿ ಕೂರಲಾಗುತ್ತಿಲ್ಲ. ಈ ಕಾಗದವನ್ನೂ ಅರ್ಧ ಒಲೆಯ ಮುಂದೆ ನಿಂತು, ಅರ್ಧ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನೀನಿಲ್ಲದೆ ಮಾಡಿಕೊಂಡದ್ದಕ್ಕೆ ಈಗಲೇ ಬೈಯಬೇಡ, ಎದುರಿಗೆ ಬಂದಾಗ ಬೈ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕುತ್ತೀಯ, ಮಾಮನ ಓಣಿಯೆಲ್ಲ ಕೇಳಿಸಿಕೊಳ್ಳುತ್ತದೆ. ಇಂಗ್ಲಿಷ್ ಮೀಡಿಯಂ ಹುಡುಗಿಯ ಕನ್ನಡ ಇದು, ಒತ್ತಕ್ಷರ ತಪ್ಪಿದ್ದರೆ ನಗಬೇಡ.

ಸುಗತ ಹಲಸೂರಿನಲ್ಲಿ ಬೈಕ್ ರಿಪೇರಿ ಮಾಡುತ್ತಾನೆ. ಎಷ್ಟು ತಿಕ್ಕಿದರೂ ಉಗುರಿನ ಕಪ್ಪು ಹೋಗುವುದಿಲ್ಲ. ಮದುವೆಯ ಫೋಟೋಗಳಲ್ಲಿ ಅದೇ ಮೊದಲು ಕಾಣುತ್ತದೆ, ನನಗೆ ಅದೂ ಇಷ್ಟ. ಅವನದು ಯಾವ ಪಾರ್ಟಿ ಎಂದು ನೀನು ಒಮ್ಮೆ ಕೇಳಿದ್ದೆ. ಯಾವುದೂ ಇಲ್ಲ, ಅವನು ಅರಾಜಕತಾವಾದಿ. ಹೆದರಬೇಡ, ಬಸ್ಸಿಗೆ ಕಲ್ಲು ಹೊಡೆಯುವವನಲ್ಲ. ಎಲ್ಲವೂ ದುಡಿಯುವವರದ್ದೇ ಆಗಬೇಕು ಎನ್ನುವುದರಲ್ಲಿ ಅವನೂ ಅಪ್ಪನೂ ಒಂದೇ. ಆದರೆ ಅಪ್ಪನ ಸಮಾಜವಾದದಲ್ಲಿ ಮೊದಲು ಸರ್ಕಾರ ನಮ್ಮ ಕೈಗೆ ಬರಬೇಕು, ಸಮಪಾಲು ಆಮೇಲೆ. ಕುರ್ಚಿಯಲ್ಲಿ ಕೂತವನು ತಾನಾಗಿ ಎದ್ದದ್ದನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಸುಗತ ಕೇಳುತ್ತಾನೆ. ಯಾರೂ ಯಾರಿಗೂ ಅಪ್ಪಣೆ ಕೊಡದೆ ಜನ ತಾವೇ ಕೂಡಿ ಬದುಕಬೇಕು, ಇವತ್ತಿನಿಂದಲೇ, ಒಂದು ಅಡುಗೆಮನೆಯಿಂದಲೇ ಎನ್ನುತ್ತಾನೆ.

ಆ ಅಡುಗೆಮನೆ ಇದೇ, ಶೀಟು ಹೊದಿಸಿದ ಈ ಮನೆ. ಗ್ಯಾರೇಜಿನವರು, ಡೆಲಿವರಿಯವರು, ಇಬ್ಬರು ನರ್ಸುಗಳು, ಮಾರ್ಕೆಟ್ಟಿನಲ್ಲಿ ಹೂ ಮಾರುವ, ನನ್ನನ್ನು ತಮಿಳಿನಲ್ಲಿ ಮುದ್ದಾಗಿ ಕಣ್ಣು ಎಂದು ಕರೆಯುವ ಧನಲಕ್ಷ್ಮಿ ಅಕ್ಕ, ಎಲ್ಲರೂ ಸೇರಿ ದಿನಸಿ ತರುತ್ತೇವೆ, ಕೂಡಿ ಉಣ್ಣುತ್ತೇವೆ. ಯಜಮಾನ ಇಲ್ಲ, ಅಧ್ಯಕ್ಷ ಇಲ್ಲ, ಅಡುಗೆಗೆ ಪಾಳಿಯೂ ಇಲ್ಲ. ಯಾರಿಗೆ ಮನಸ್ಸಾಗುತ್ತದೋ ಅವರು ಮಾಡುತ್ತಾರೆ. ನನಗೆ ದಿನವೂ ಮನಸ್ಸಾಗುತ್ತದೆ. ಇಂದಿರಾನಗರದ ಕ್ಲಿನಿಕ್ಕಿನ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮನಸ್ಸಾಗಿಬಿಡುತ್ತದೆ, ಸೋಜಿಗ ನೋಡು.

ಏನಾದರೂ ತೀರ್ಮಾನ ಆಗಬೇಕಿದ್ದರೆ ಊಟಕ್ಕೆ ಮೊದಲು ಸುತ್ತ ಕೂತು ಅವರವರ ತಟ್ಟೆ ಮುಂದಿಟ್ಟುಕೊಳ್ಳುತ್ತೇವೆ. ಒಪ್ಪದವರು ತಟ್ಟೆ ಬೋರಲು ಹಾಕುತ್ತಾರೆ. ಒಂದೇ ಒಂದು ತಟ್ಟೆ ಬೋರಲಾದರೂ ಮಾತು ಅಲ್ಲಿಗೆ ನಿಂತಿತು. ಒಬ್ಬರ ತಟ್ಟೆ ಇಲ್ಲದಿದ್ದರೆ ತೀರ್ಮಾನವೇ ಇಲ್ಲ. ದೊಡ್ಡ ವಿಷಯಕ್ಕೆ ಎರಡು ಸಲ ಕೂರಬೇಕು. ಇನ್ನೊಬ್ಬರ ತಟ್ಟೆ ಯಾರೂ ಮುಟ್ಟಬಾರದು. ಇದೆಲ್ಲ ಸುಗತನದೇ ಯೋಚನೆ. ನಿಯಮ ಎಂದರೆ ಮುಖ ಸಿಂಡರಿಸಿ, ಒಪ್ಪಂದ ಅನ್ನು ಎಂದು ತಿದ್ದುತ್ತಾನೆ. ಅದನ್ನು ಕೇಳಿದ ಮೊದಲ ಸಂಜೆಯೇ ನಾನು ಅವನಿಗೆ ಸೋತದ್ದು. ನಮ್ಮ ಮನೆಯಲ್ಲಿ ನಿನ್ನನ್ನಾಗಲಿ ನನ್ನನ್ನಾಗಲಿ ಹಾಗೆ ಕೇಳಿದವರು ಯಾರಿದ್ದರು? ಅಂದಹಾಗೆ ನನ್ನ ತಟ್ಟೆ ನಿನ್ನದೇ. ನಿನ್ನ ಮದುವೆಗೆ ಅಜ್ಜ ಕೊಟ್ಟದ್ದು, ಹಿಂಬದಿಗೆ ನಿನ್ನ ಹೆಸರು ಕೆತ್ತಿಸಿದ ಸ್ಟೀಲ್ ತಟ್ಟೆ. ರಾಮಮೂರ್ತಿ ನಗರದ ನಮ್ಮ ಮನೆಯಲ್ಲಿ ಸುಮ್ಮನೆ ಬಿದ್ದಿತ್ತು, ತಂದುಕೊಂಡೆ.

ನಮ್ಮ ಮದುವೆಗೂ ಎರಡು ಸಲ ಕೂತರು. ಪುರೋಹಿತರಿಲ್ಲ, ರಿಜಿಸ್ಟ್ರಾರ್ ಇಲ್ಲ, ಎಲ್ಲ ತಟ್ಟೆಗಳೂ ಮುಖ ಮೇಲೆ ಮಾಡಿಕೊಂಡು ಕೂತಿದ್ದವು. ಶಿವಾಜಿನಗರದಿಂದ ಮಲ್ಲಿಗೆ ತಂದು ಧನಲಕ್ಷ್ಮಿ ಅಕ್ಕ ಹಾರ ಕಟ್ಟಿದರು. ಅಪ್ಪ ಕೆಂಪು ಟವಲ್ ಹೊದ್ದು ಕಟ್ಟಡ ಕಾರ್ಮಿಕರ ಸಂಘದವರನ್ನೆಲ್ಲ ಕರೆತಂದು, ಎಲ್ಲರೆದುರು ಅತ್ತುಬಿಟ್ಟ. ನೀನು ನೋಡಬೇಕಿತ್ತು.

ನಿನ್ನೆ ಎಲ್ಲರೂ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಾಗ ಅಪ್ಪ ಮತ್ತೆ ಬಂದ. ಈ ಅಡುಗೆಮನೆಯನ್ನು ಸಂಘಕ್ಕೆ ಸೇರಿಸಿ, ಅಧ್ಯಕ್ಷ, ಕಾರ್ಯದರ್ಶಿ ಮಾಡಿ ಎಂದು ಅವನ ಹಟ. ಸುಗತ ಒಪ್ಪಲಿಲ್ಲ.

"ಅಳಿಯಾ, ಮೂಗುದಾರ ಇಲ್ಲದ ಎತ್ತು ಎಷ್ಟ ಜೋರಿದ್ರೂ ಸಾಲು ಬಿಟ್ಟು ಹೋಗ್ತದ" ಎಂದ ಅಪ್ಪ.

"ಮೂಗುದಾರ ಹಾಕಿದ ಮೇಲೆ ಅದು ಯಾರ ಎತ್ತು ಮಾವ?" ಎಂದ ಸುಗತ.

ನನಗೆ ಇಬ್ಬರ ಮೇಲೂ ಹೆಮ್ಮೆ. ಒಬ್ಬ ಸಮಾನತೆ ಎಂದರೆ ಇನ್ನೊಬ್ಬ ಸ್ವಾತಂತ್ರ್ಯ ಎನ್ನುತ್ತ, ಸಾರು ಆರುವ ತನಕ ಜಗಳವಾಡಿ, ಕೊನೆಗೆ ರಾಜಿಯಾದರು. ಅಪ್ಪ ಅಧ್ಯಕ್ಷನನ್ನು ಕೈಬಿಟ್ಟ. ಸುಗತ ಬಾಗಿಲು ತೆರೆದ. ಹಲಸೂರಿನ ಕಡೆ ಕೆಲಸ ಮಾಡುವ ಸಂಘದವರೆಲ್ಲ ಇನ್ನು ಎರಡು ಹೊತ್ತೂ ಇಲ್ಲೇ ಉಣ್ಣಬಹುದು, ಯಾರ ಅಪ್ಪಣೆಯೂ ಬೇಡ. ಇಬ್ಬರೂ ತಬ್ಬಿಕೊಂಡರು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಗ ಧನಲಕ್ಷ್ಮಿ ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ, "ರಾಜ ಇಲ್ಲದ ಊರಲ್ಲೂ ರಾಣಿನೇ ಪಾತ್ರೆ ತೊಳೀಬೇಕಾ ಕಣ್ಣು?" ಎಂದರು.

ನಕ್ಕೆ. ನಗುತ್ತಲೇ ನನ್ನ ತಟ್ಟೆ ಬೋರಲು ಹಾಕಿದೆ.

ಅಮೃತಮ್ಮ ಎಂದು ನಿನ್ನ ಹೆಸರು ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಅಪ್ಪ ಅದನ್ನು ಓದಿದ, ನಾನು ನೋಡಿದೆ. ಆಮೇಲೆ ಟವಲ್ ಬಿಚ್ಚಿ ಮತ್ತೆ ಮಡಿಸತೊಡಗಿದ.

"ಏನೇ ಪದ್ದು, ತಮಾಷೆನಾ?" ಎಂದ ಸುಗತ.

"ಅಲ್ಲ. ಇಷ್ಟು ಜನಕ್ಕೆ ಅಡುಗೆ ಯಾರು ಮಾಡ್ತಾರೆ?"

"ಮನಸ್ಸಾದೋರು ಮಾಡ್ತಾರೆ. ಇಷ್ಟು ದಿನ ಆಗ್ಲಿಲ್ವಾ?" ಎಂದು ಎಲ್ಲರ ಕಡೆ ತಿರುಗಿ, "ಸುಸ್ತಾಗಿದ್ದಾಳೆ ಅಷ್ಟೇ, ಅವಳದೂ ಒಪ್ಪಿಗೆನೇ" ಎಂದು ಕೈ ಚಾಚಿ ನನ್ನ ತಟ್ಟೆಯನ್ನು ಎತ್ತಿ ನೆಟ್ಟಗಿಟ್ಟ.

ಉಳಿದವರು ತಮ್ಮ ತಮ್ಮ ತಟ್ಟೆ ಒರೆಸಿಕೊಂಡರು. ಹೊಸ ಮದುಮಗಳು, ಇರಲಿ ಬಿಡ್ರಿ ಎಂದು ಅಪ್ಪ ನಗಿಸಿದ. ನಾನು ಎದ್ದು ಬಡಿಸಿದೆ.

ಸುಗತ ಒಳ್ಳೆಯವನು ಅವ್ವ, ನಿಜವಾಗಲೂ. ಎಂದೂ ದನಿ ಎತ್ತಿದವನಲ್ಲ. ಊಟವಾದ ಮೇಲೆ ನನಗಾಗಿ ಬಾಳೆಹಣ್ಣು ತಂದ, ಕಾಲು ಒತ್ತಿದ. ಅಪ್ಪಣೆಯನ್ನಂತೂ ಕೊಡಲಿಲ್ಲ, ಬರೀ ತಟ್ಟೆ ಸರಿಮಾಡಿದ. ಪ್ರೀತಿಯಿಂದಲೇ ಮಾಡಿದ. ಹೀಗೆಂದು ಬೆಳಗಿನಿಂದ ನನಗೆ ನಾನೇ ಹೇಳಿಕೊಳ್ಳುತ್ತ ಗೇಟಿನ ತನಕ ಹೋಗಿ ಬರುತ್ತಿದ್ದೇನೆ. ಕ್ಲಿನಿಕ್ಕಿಗೆ ರಜೆ ಹಾಕಿದ್ದೇನೆ. ಅಕ್ಕಿ ನೆನೆಹಾಕಿ, ಮರೆತು, ಮತ್ತೆ ನೆನೆಹಾಕಿದೆ.

ನನಗೆ ನಿನ್ನ ರೊಟ್ಟಿ ತಟ್ಟುವ ಸದ್ದು ನೆನಪಾಗುತ್ತಿದೆ. ಇದು ಎಲ್ಲರ ಮನೆ, ಊಟ ಮಾಡೇ ಹೋಗ್ರಿ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದಾಗ ನೀನು ಬೆನ್ನು ತಿರುಗಿಸಿ ಇನ್ನಷ್ಟು ಹಿಟ್ಟು ನಾದುತ್ತಿದ್ದೆ. ದೀಪಾವಳಿ ಮುಗಿಸಿ ಬರುತ್ತೇನೆಂದು ಮಾಮನ ಮನೆಗೆ ಹೋದವಳು ಯುಗಾದಿಯಾದರೂ ಬರಲಿಲ್ಲ. ಯಾಕೆ ಎಂದು ನಾನೂ ಕೇಳಲಿಲ್ಲ. ಅವ್ವನಿಗೆ ಆರಾಮ ಬೇಕಿತ್ತು ಎಂದು ಅಪ್ಪ ಹೇಳಿದ್ದನ್ನೇ ನಂಬಿಕೊಂಡಿದ್ದೆ. ಈಗ ಕೇಳಬೇಕು, ನಿನ್ನ ಎದುರು ಕೂತು, ಸ್ಪೀಕರ್ ಇಲ್ಲದೆ.

ಎರಡನೆಯ ಸಲ ಕೂರುವುದು ಈ ಭಾನುವಾರ ಸಂಜೆ. ಅವತ್ತು ತಟ್ಟೆಗಳು ನೆಟ್ಟಗಿದ್ದರೆ ಸೋಮವಾರದಿಂದ ದೊಡ್ಡ ಒಲೆ. ಭಾನುವಾರವೇ ಅವ್ವನ ಆಶೀರ್ವಾದಕ್ಕೆ ಹೊರಡುತ್ತೇನೆ ಎಂದಾಗ ಸುಗತ ಬೇಡ ಅನ್ನಲಿಲ್ಲ. "ಹೋಗ್ಬಾ, ನನ್ನನ್ನ ಕೇಳೋದೇನಿದೆ? ನಿನ್ನ ತಟ್ಟೆ ನಾನೇ ಇಡ್ತೀನಿ" ಎಂದ.

ಕಾಗದವನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ, ನನಗಿಂತ ಮೊದಲು ಬಂದೀತು. ಸ್ಟೇಷನ್ನಿಗೆ ಒಬ್ಬಳೇ ಬಾ, ಮಾಮನನ್ನು ಎಬ್ಬಿಸಬೇಡ. ಭಾನುವಾರ ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಸೋಮವಾರ ಬೆಳಿಗ್ಗೆ ಕಲಬುರಗಿಯಲ್ಲಿ ಇಳಿಯುತ್ತೇನೆ.

ನಿನ್ನ ಮಗಳು, ಈಗಲೂ ನಿನ್ನವಳೇ,
ಪದ್ದು

ತಾ.ಕ.: ನಿನ್ನ ತಟ್ಟೆಯನ್ನು ಮದುವೆ ಸೀರೆಯೊಳಗೆ ಸುತ್ತಿ ಬ್ಯಾಗಿನ ತಳದಲ್ಲಿ ಇಟ್ಟಿದ್ದೇನೆ. ಸುಗತನಿಗೆ ಹೇಳಿಲ್ಲ. ಸುತ್ತ ಕೂತು ಹುಡುಕುವ ಹೊತ್ತಿಗೆ ನನ್ನ ರೈಲು ಯಲಹಂಕ ದಾಟಿರುತ್ತದೆ.