ಸ್ಪೀಕರ್ ಪೆಟ್ಟಿಗೆಯ ಹದಿನಾರು ಸ್ಕ್ರೂ

ಗೋಪನಕೊಪ್ಪ, ಹುಬ್ಬಳ್ಳಿ
೧೬ ನವೆಂಬರ್ ೨೦೨೫, ಭಾನುವಾರ ಮುಂಜಾನೆ

ಚಿರಂಜೀವಿ ಮೆಹಬೂಬನಿಗೆ ನಿನ್ನ ಈರವ್ವ ಟೀಚರ್ ಮಾಡುವ ಆಶೀರ್ವಾದಗಳು.

ನಾವು ಕ್ಷೇಮ. ನೀನೂ ಕ್ಷೇಮವೆಂದು ಬೆಂಗೇರಿ ಸಂತೆಗೆ ಹೋಗಿಬಂದವರ ಬಾಯಿಂದ ಕೇಳಿದ್ದೇನೆ, ನಿನ್ನ ಬಾಯಿಂದಲ್ಲ. ನೀನು ನಮ್ಮ ಮೆಟ್ಟಿಲು ಹತ್ತಿ ಆರು ವಾರ ಆಯಿತು. ಫೋನ್ ಮಾಡಿದರೆ "ಕೆಲಸದಾಗ ಇದ್ದೇನ್ರಿ ಟೀಚರ್" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ನಡುವೆ ಇಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯವರೆಗೆ ಓದು.

ಮೊದಲು ಮುಖ್ಯ ವಿಷಯ. ಸ್ಪೀಕರ್ ಪೆಟ್ಟಿಗೆ ಸರಿಯಾಗಿದೆ. ಅದರಲ್ಲಿ ಮೊದಲಿನಿಂದಲೂ ಯಾವ ದೋಷವೂ ಇರಲಿಲ್ಲ. ನಿನ್ನ ಪ್ಲೈವುಡ್ ಹಲಗೆ ಗಟ್ಟಿ, ನಿನ್ನ ಅಂಟು ಗಟ್ಟಿ, ಜೋಡಣೆಯಲ್ಲಿ ಸೂಜಿ ತೂರುವಷ್ಟೂ ಸಂದಿಲ್ಲ. ಇದನ್ನು ಒಳಗಿನಿಂದ ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಹೇಗೆ ಕಂಡೆ ಎಂಬುದನ್ನು ಹೇಳುವುದೇ ಕಷ್ಟ.

ಶ್ರಾವಣದಿಂದ ಪ್ರತಿ ಭಾನುವಾರ ನೀನೂ ನನ್ನ ಬಸವಕಿರಣನೂ ನಮ್ಮ ಮಾಳಿಗೆಯ ಮೇಲೆ ಕೂತು ಅವನ ಗಿಟಾರಿಗೆ ಸ್ಪೀಕರ್ ಪೆಟ್ಟಿಗೆ ಕಟ್ಟಿದಿರಿ. ಕಟ್ಟಿಗೆಯ ಪುಡಿ ಹಾರಿ ನನ್ನ ಶೇಂಗಾ ಚಟ್ನಿಗೂ ಬಿತ್ತು. ಬೈದೆ, ಆದರೆ ಒಳಗೊಳಗೆ ಖುಷಿಯಿತ್ತು. ಕಾಲೇಜಿನ ಲ್ಯಾಬ್ ಕೆಲಸದಲ್ಲಿ ದಿನವಿಡೀ ಬಾಯಿ ಮುಚ್ಚಿಕೊಂಡಿರುವ ನನ್ನ ಮಗ ನಿನ್ನ ಜೊತೆ ಕೂತಾಗ ಮಾತ್ರ ಸಾಲೆಯ ಹುಡುಗನಂತೆ ವಟವಟ ಎನ್ನುತ್ತಾನೆ. ಅವನ ಅಪ್ಪ ತೀರಿಕೊಂಡ ಮೇಲೆ ಮನಸ್ಸು ಬಿಚ್ಚಿ ಮಾತಾಡಲು ಅವನಿಗೆ ಇರುವವನು ನೀನೊಬ್ಬನೇ. ನಿನ್ನನ್ನು ಅವನು ಕಳೆದುಕೊಂಡರೆ ಅದು ನನ್ನಿಂದಲೇ ಆದದ್ದು.

ದಸರೆಯ ಸಂಜೆ ನೀನು ಎಂದಿನಂತೆ ಬನ್ನಿ ಕೊಡಲು ಬಂದೆ. ಬನ್ನಿ ಆಮೇಲೆ, ಮೊದಲು ಬಾರಿಸಿ ನೋಡೋಣ ಎಂದು ಇಬ್ಬರೂ ಪೆಟ್ಟಿಗೆಯ ಮುಂದೆ ಕೂತಿರಿ. ಗಿಟಾರಿನ ದಪ್ಪ ತಂತಿ ಮೀಟಿದಾಗಲೆಲ್ಲ ಒಳಗಿನಿಂದ ಝರ್ ಝರ್ ಎಂಬ ಸದ್ದು. ಎತ್ತಿ ಅಲುಗಾಡಿಸಿದಿರಿ, ಏನೂ ಉರುಳಲಿಲ್ಲ. "ಹಿಂದಿನ ಹಲಗಿ ಬಿಚ್ಚಿ ನೋಡೂಣು" ಎಂದು ನೀನು ಹೇಳಿದೆ. "ಬಿಚ್ಚಿ ಏನ್ ನೋಡ್ತಿ? ಯಾರದೋ ಮನಿ ಕಪಾಟಿನಾಗ ಉಳಿದ ಪ್ಲೈ ತಂದು ಹಚ್ಚೀದಿ, ಜೋಡಣಿ ಬಿಟ್ಟೈತಿ. ಇನ್ನ ಅದಕ್ಕ ಕೈ ಹಚ್ಚಬ್ಯಾಡ" ಎಂದ ಅವನು. ಬಡಗಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ನೀನು ಬನ್ನಿ ಕೊಡಲಿಲ್ಲ, ತೆಗೆದುಕೊಳ್ಳಲೂ ಇಲ್ಲ. ಅಳತೆಯ ಟೇಪನ್ನು ಕಿಟಕಿಯಲ್ಲೇ ಬಿಟ್ಟು ಹೋದೆ. ಅವನು ಪೆಟ್ಟಿಗೆಗೆ ಹಳೆಯ ಚಾದರ ಹೊದಿಸಿ ಮಂಚದ ಕೆಳಗೆ ತಳ್ಳಿದ.

ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಈಗ ಹೇಳುವುದನ್ನು ಆಗಲೇ ಹೇಳಬೇಕಿತ್ತು.

ಹಿಂದಿನ ದಿನ ಖಂಡೇ ಪೂಜೆ, ಆಯುಧಗಳ ಹಬ್ಬ. "ಯವ್ವಾ, ಕೈ ಮುಗಿತೇನಿ, ಪೆಟಗಿಗೆ ಹೊಸಾ ಅರಬಿ ಹಚ್ಚೇವಿ. ಕುಂಕುಮಾ, ವಿಭೂತಿ ಏನೂ ಹಚ್ಚಬ್ಯಾಡ" ಎಂದು ಬಸವಕಿರಣ ಹೇಳಿಯೇ ಹೊರಗೆ ಹೋಗಿದ್ದ. ಆಗಲಿ ಎಂದಿದ್ದೆ. ಆದರೆ ನೀನೇ ಹೇಳು, ಈಳಿಗೆ, ಕುಡುಗೋಲು, ಸ್ಕೂಟರ್, ಮಿಕ್ಸರಿಗೆಲ್ಲ ಪೂಜೆಯಾಗಿ, ನೀವು ಎರಡು ತಿಂಗಳು ಬೆವರು ಸುರಿಸಿ ಕಟ್ಟಿದ್ದೊಂದನ್ನೇ ಹೇಗೆ ಬಿಡಲಿ? ಬಟ್ಟೆಗೆ ಏನೂ ಹಚ್ಚಲಿಲ್ಲ. ಮುಂದೆ ಗಾಳಿಯಾಡಲೆಂದು ನೀನು ಕೊರೆದ ಗುಂಡು ತೂತು ಇದೆಯಲ್ಲ, ಅದು ನನ್ನ ಕಣ್ಣಿಗೆ ಗೋಡೆಯಲ್ಲಿ ದೀಪ ಇಡುವ ಮಾಡದ ಹಾಗೆಯೇ ಕಂಡಿತು. ಅದರೊಳಗೆ ಒಂದು ವೀಳ್ಯದೆಲೆ ಇಟ್ಟು, ಮೇಲೆ ಸ್ಟೀಲಿನ ಒಂದು ನಾಲ್ಕಾಣೆ ನಾಣ್ಯ ಇಟ್ಟು ಕೈ ಮುಗಿದೆ. ಅವನ ಅಪ್ಪ ಕಾಳಿನ ಅಂಗಡಿಯ ತಕ್ಕಡಿಗೆ ಪ್ರತಿ ವರ್ಷ ಇಡುತ್ತಿದ್ದ ಅದೇ ನಾಲ್ಕಾಣೆ. ಸಂಜೆ ನೋಡಿದರೆ ಎಲೆಯೂ ಇಲ್ಲ, ನಾಲ್ಕಾಣೆಯೂ ಇಲ್ಲ. ಕೈ ಹಾಕಿದೆ, ಬಳೆ ಸಿಕ್ಕಿಕೊಂಡಿತು. ಒಳಗೆ ಜಾರಿ ಬಿದ್ದಿದ್ದರೆ ಒಳ್ಳೆಯದೇ ಎಂದು ಸುಮ್ಮನಾದೆ.

ಮರುದಿನ ಆ ಸದ್ದು ಕೇಳಿದೊಡನೆ ನೆನಪಾಯಿತು. ಆದರೆ ಅಲುಗಾಡಿಸಿದಾಗ ಏನೂ ಉರುಳಲಿಲ್ಲವಲ್ಲ, ಹಾಗಾದರೆ ಅದು ನನ್ನ ನಾಲ್ಕಾಣೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು ಸಮಾಧಾನ ಎಂದು ಗೊತ್ತಿತ್ತು. ಮಗ ಬೈಯುತ್ತಾನೆಂದು ಹೆದರಿದೆ, ಮೆಹಬೂಬ, ಈ ಅರವತ್ತೆರಡನೆಯ ವಯಸ್ಸಿನಲ್ಲಿ.

ಕಳೆದ ಬುಧವಾರ ಅವನು, ಭಾನುವಾರ ಪೆಟ್ಟಿಗೆ ಒಡೆದು ಸ್ಪೀಕರ್ ಹೊರಗೆ ತೆಗೆಯುತ್ತೇನೆ ಎಂದ. ನಿನ್ನ ಮರ್ಯಾದೆ ಉಳಿಸಲು ನಾನು ಎದ್ದೆನೆಂದು ತಿಳಿಯಬೇಡ, ಸಿಕ್ಕಿಬೀಳುತ್ತೇನೆಂದು ಎದ್ದೆ. ಗುರುವಾರ ಅವನು ಕಾಲೇಜಿಗೆ ಹೋದ ಮೇಲೆ ಪೆಟ್ಟಿಗೆ ಎಳೆದು, ಕನ್ನಡಕ ಏರಿಸಿ, ಹಿಂದಿನ ಹಲಗೆಯ ಹದಿನಾರು ಸ್ಕ್ರೂ ಬಿಚ್ಚಿದೆ. ಇಷ್ಟು ಬಿಗಿಯಾಗಿ ಯಾರಾದರೂ ಹಾಕುತ್ತಾರೇನೋ ಮಾರಾಯ? ಒಂದೊಂದಕ್ಕೂ ನಿನ್ನನ್ನು ಬೈದೆ. ಎಲೆ ಒಣಗಿ ಮೂಲೆಯಲ್ಲಿ ಮುದುಡಿತ್ತು. ನಾಲ್ಕಾಣೆ ಸ್ಪೀಕರಿನ ಹಿಂದಿನ ದೊಡ್ಡ ಅಯಸ್ಕಾಂತಕ್ಕೆ ಅಂಟಿಕೊಂಡು, ಒಂದು ಅಂಚು ಮಾತ್ರ ಲೋಹದ ಚೌಕಟ್ಟಿಗೆ ತಾಗುವಂತೆ ನಿಂತಿತ್ತು. ಅದಕ್ಕೇ ಅಲುಗಾಡಿಸಿದರೆ ಉರುಳಲಿಲ್ಲ, ಬಾರಿಸಿದರೆ ಮಾತ್ರ ನಡುಗುತ್ತಿತ್ತು. ಕಿತ್ತು ಸೆರಗಿಗೆ ಗಂಟು ಹಾಕಿಕೊಂಡೆ. ಹದಿನಾರೂ ಸ್ಕ್ರೂ ಮತ್ತೆ ತಿರುಗಿಸಿ, ಚಾದರ ಹೊದಿಸಿ, ಏನೂ ಅರಿಯದವಳಂತೆ ರೊಟ್ಟಿ ಬಡಿಯಲು ಕೂತೆ.

ಶುಕ್ರವಾರ ಸಂಜೆ, "ಒಡಿಯೂಕಿಂತ ಮೊದಲ ಒಮ್ಮೆ ಬಾರಿಸಿ ನೋಡಪಾ" ಎಂದೆ. ಬಾರಿಸಿದ. ಅದೇ ದಪ್ಪ ತಂತಿ, ಆದರೆ ಸದ್ದು ತುಂಬಿದ ಕೊಡದಂತೆ ಗಂಭೀರವಾಗಿ ಬಂತು. ಕಪಾಟಿನ ಗಾಜು ಕೂಡ ಅದಕ್ಕೆ ದನಿಗೂಡಿಸಿತು. ಅವನ ಮುಖ ನೋಡಿ ನನಗೆ ಕುಣಿಯುವಂತಾಯಿತು. ಆಗ ಅವನು, "ನೋಡವಾ, ಮೆಹಬೂಬನ ಸಡಲ ಜೋಡಣಿ ಈಗ ತಾನ ಕುಂತೈತಿ" ಎಂದ. ನಾನು ಸುಮ್ಮನಿದ್ದರೆ ಎಲ್ಲವೂ ಮುಚ್ಚಿಹೋಗುತ್ತಿತ್ತು. ಆದರೆ ಆ ಮಾತು ನನಗೆ ನುಂಗಲಾಗಲಿಲ್ಲ.

ನೆನಪಿದೆಯೇ, ಮೂರನೇ ಇಯತ್ತೆಯಲ್ಲಿ ಸಾಲೆಯ ಮೇಜಿನ ಮೇಲಿದ್ದ ಭೂಗೋಳ ಕೆಡವಿದವರು ಯಾರೆಂದು ಹೇಳುವವರೆಗೆ ನಿಮ್ಮನ್ನೆಲ್ಲ ಬಿಸಿಲಲ್ಲಿ ನಿಲ್ಲಿಸಿದ್ದೆ. ನೀನು ಅಳುತ್ತ ಒಪ್ಪಿಕೊಂಡೆ. ಆಮೇಲೆ ಕಣ್ಣೊರೆಸಿಕೊಂಡು, "ಈಗ ಹಗೂರ ಆತ್ರಿ ಟೀಚರ್" ಎಂದಿದ್ದೆ. ನಿನ್ನೆ ಮಧ್ಯಾಹ್ನ ಅವನು ಊಟಕ್ಕೆ ಕೂತಾಗ ನಿನ್ನ ಟೇಪನ್ನು ತಂದು ಅವನ ಮುಂದಿಟ್ಟೆ, ಅದರ ಮೇಲೆ ನಾಲ್ಕಾಣೆ ಇಟ್ಟೆ, ಎಲ್ಲವನ್ನೂ ಹೇಳಿದೆ. "ಆರು ವಾರಾನ ಯವ್ವಾ?" ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟೇಪನ್ನು ಕೈಗೆ ತೆಗೆದುಕೊಂಡು ಎಳೆದ, ಬಿಟ್ಟ, ಮತ್ತೆ ಎಳೆದ. ಕೊನೆಗೆ ಕೇಳಿದ, "ನಾ ಹಂಗ ಅಂದ ಮ್ಯಾಲೆ ಅಂವಾ ಬರ್ತಾನೇನವಾ?"

ಅದಕ್ಕೆ ಉತ್ತರ ನಿನ್ನ ಹತ್ತಿರ ಇದೆ. ತಪ್ಪು ನನ್ನದು, ನನ್ನನ್ನು ಬೇಕಾದರೆ ಬಿಸಿಲಲ್ಲಿ ನಿಲ್ಲಿಸು. ಆದರೆ ಎರಡನೇ ಪೆಟ್ಟಿಗೆಗೆ ತಂದ ಪ್ಲೈ ಮಾಳಿಗೆಯ ಮೇಲೆ ಬಿದ್ದಿದೆ, ಅದನ್ನು ಕೊಯ್ಯಲು ನಮ್ಮಿಬ್ಬರಿಗೂ ಬರುವುದಿಲ್ಲ. ಸತ್ಯ ಹೇಳುತ್ತೇನೆ, ಆರು ವಾರದ ಮೇಲೆ ಇವತ್ತು ಬೆಳಗಿನ ಚಹಾ ನನಗೆ ರುಚಿಸಿತು. ನೀನಂದದ್ದು ನಿಜ, ಹೇಳಿದರೆ ಹಗುರಾಗುತ್ತದೆ.

ಇಂತಿ ನಿನ್ನ ತಪ್ಪಿತಸ್ಥ ಟೀಚರ್,
ಈರವ್ವ

ವಿ.ಸೂ.: ಲಕೋಟೆಯಲ್ಲಿರುವ ಒಣಗಿದ ಬನ್ನಿ ಎಲೆ ನಾನು ಹಾಕಿದ್ದಲ್ಲ. ದಸರೆಯಂದು ನಿನಗೆ ಕೊಡಲೆಂದು ತಂದದ್ದನ್ನು ಬಸವಕಿರಣ ಇಷ್ಟು ದಿನ ಗಿಟಾರಿನ ಚೀಲದಲ್ಲಿ ಇಟ್ಟುಕೊಂಡಿದ್ದನಂತೆ, ಈಗ ತಾನೇ ತಂದು ಹಾಕಿದ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ, ನೀನು ಓದಿ ಮುಗಿಸುವವರೆಗೆ ಹೊರಗೇ ನಿಲ್ಲು ಎಂದು ಹೇಳಿದ್ದೇನೆ. ಮುಗಿಯಿತಲ್ಲ, ಏಳು, ಬಾಗಿಲು ತೆಗಿ.