ಅಕ್ಕ ಕೊಟ್ಟ ಮೂವತ್ತು ಮೊಟ್ಟೆ

ಮಾರ್ಚ್ ೧೪, ಗುರುವಾರ

ಪ್ಲಾಸ್ಟರ್ ಬಿಚ್ಚಿ ಹದಿನೈದು ದಿನವಾದರೂ ಬಲಗೈ ಬೆರಳುಗಳು ಮಾತೇ ಕೇಳುತ್ತಿರಲಿಲ್ಲ. ಇನ್ನು ನನ್ನ ವಾಚ್ ರಿಪೇರಿ ಕೆಲಸ ಕನಸಿನ ಮಾತು ಎಂದುಕೊಂಡಿದ್ದೆ.

ಸಂಜೆ ಅಕ್ಕ ಮೂವತ್ತು ಗೌಜಲಹಕ್ಕಿ ಮೊಟ್ಟೆ ಬೇಯಿಸಿ ನನ್ನ ಮುಂದಿಟ್ಟಳು. "ಸುಮ್ನೆ ಕೂತಿದ್ದೀಯಲ್ಲ, ಸಿಪ್ಪೆ ಬಿಡಿಸು. ವಿನೆಗರ್‌ನಲ್ಲಿ ಉಪ್ಪಿನಕಾಯಿ ಹಾಕ್ತೀನಿ." ಹೆಬ್ಬೆರಳ ತುದಿಯಷ್ಟಿರುವ ಮೊಟ್ಟೆಗಳು! ಮೊದಲ ಎಂಟು ಹರಿದು ಹಳದಿ ಹೊರಬಂತು. ಜಾಡಿಗೆ ಹಾಕಲಾಗದ್ದನ್ನೆಲ್ಲ ನನ್ನ ಬಾಯಿಗೇ ತುರುಕಿದಳು. ಸಿಟ್ಟು ನೆತ್ತಿಗೇರಿತು. ಆದರೂ ಯಾಕೋ ಎದ್ದು ಹೋಗಲಿಲ್ಲ. ಹನ್ನೆರಡನೆಯದರ ಹೊತ್ತಿಗೆ ಸಿಪ್ಪೆಯ ಕೆಳಗಿನ ಪೊರೆ ಬೆರಳ ತುದಿಗೆ ತಿಳಿಯತೊಡಗಿತು. ಕೊನೆಯದಂತೂ ಒಂದು ಗೀರೂ ಇಲ್ಲದೆ ಸುಲಿದು ಬಂತು.

ಅಕ್ಕ ಜಾಡಿಯ ಮುಚ್ಚಳ ಬಿಗಿದು, ಒಳಗಿನಿಂದ ತನ್ನ ವಾಚ್ ತಂದಿಟ್ಟಳು. ನಾನು ಮೆಟ್ಟಿಲಿಂದ ಬಿದ್ದ ವಾರವೇ ನಿಂತುಹೋಗಿತ್ತಂತೆ. ಎರಡು ತಿಂಗಳು!

"ಬೇರೆ ಅಂಗಡಿ ಇರ್ಲಿಲ್ವಾ ಅಕ್ಕಾ?"

"ಇತ್ತು. ಉಪ್ಪಿನಕಾಯಿ ಹದ ಆಗೋಕೆ ಒಂದು ವಾರ ಬೇಕು. ನೀನು ಅಷ್ಟು ದಿನ ತಗೋಬೇಡ."

ಕಣ್ಣು ಎಳೆಯುತ್ತಿದೆ. ಎಷ್ಟು ತೊಳೆದರೂ ಬೆರಳಿನ ಮೊಟ್ಟೆ ವಾಸನೆ ಹೋಗಿಲ್ಲ, ಇರಲಿ. ಬೆಳಿಗ್ಗೆ ಎದ್ದಕೂಡಲೇ ಚಿಮಟ ಎಲ್ಲಿಟ್ಟಿದ್ದೇನೋ ಹುಡುಕಬೇಕು, ಮತ್ತೆ ಆ ಸಣ್ಣ ಸ್ಕ್ರೂಡ್ರೈವರ್...