ಬೋರನಿಗೆ ಕೊಟ್ಟ ಮಾತ್ರೆ

ವಿಜಯನಗರ
೧೪-೮-೨೦೨೪

ಚಿ. ಸೌ. ಕುಸುಮಾಳಿಗೆ,

ನಿನ್ನ ಅತ್ತೆ ಮುನಿತಾಯಮ್ಮನ ಆಶೀರ್ವಾದ. ನೀನು ಹೆಗ್ಗನಹಳ್ಳಿಗೆ, ತವರಿಗೆ ಹೋಗಿ ಇಪ್ಪತ್ತೆರಡು ದಿನವಾಯಿತು. ಇಷ್ಟು ದಿನ ಒಂದು ಮಾತೂ ವಿಚಾರಿಸದೆ ಇದ್ದದ್ದು ನನ್ನ ತಪ್ಪು. ಫೋನು ಎರಡು ಸಲ ಕೈಗೆತ್ತಿಕೊಂಡು ಇಟ್ಟೆ. ಫೋನಿನಲ್ಲಾದರೆ ನನ್ನ ಬಾಯಲ್ಲಿ ಜೋರು ಮಾತೇ ಬರುತ್ತದೆ, ಅದಕ್ಕೇ ಕಾಗದ. ನಿಮ್ಮಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಇಲ್ಲಿ ಮಹಡಿ ನಲ್ಲಿ ಇನ್ನೂ ಸೋರುತ್ತಿದೆ. ನಿನ್ನ ಗಂಡ ಸಂಪತ್ ಹೋಟೆಲಿನಿಂದ ತಂದು ತಿನ್ನುತ್ತಾನೆ. ಅವನಿಗೆ ನನ್ನ ಅಡುಗೆ ಸೇರುತ್ತಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ನಾಯಿ ಬೋರ ಸತ್ತದ್ದು ನೀನು ಹಾಕಿದ ಕೋಳಿ ಮೂಳೆಯಿಂದಲ್ಲ. ನಾನು ಕೊಟ್ಟ ಮಾತ್ರೆಯಿಂದ.

ಹಿಂಗಾಲು ಎಳೆಯುತ್ತಿದ್ದಾಗ ನೀನು, "ಡಾಕ್ಟ್ರಿಗೆ ತೋರ್ಸೋಣ ಅತ್ತೆ" ಅಂದೆ. "ನಾಯಿ ಕುಂಟಿದ್ದಕ್ಕೆಲ್ಲ ಡಾಕ್ಟ್ರಾ? ನನ್ ಮಂಡಿ ಹಿಡ್ಕೊಂಡಾಗ ಯಾರಮ್ಮ ಆಟೋ ತಂದಿದ್ದು?" ಎಂದು ನಿನ್ನ ಬಾಯಿ ಮುಚ್ಚಿಸಿದೆ. ಮಾರನೆಯ ಬೆಳಿಗ್ಗೆ ನನ್ನ ಮಂಡಿನೋವಿನ ಮಾತ್ರೆಯನ್ನು ಮುದ್ದೆಯೊಳಗಿಟ್ಟು ನುಂಗಿಸಿದೆ. ಕುಂಟು ಕಡಿಮೆಯಾಯಿತು, ನನಗೆ ಹೆಮ್ಮೆಯಾಯಿತು. ಮೂರು ಮಕ್ಕಳನ್ನು ಸಾಕಿದ ಕೈಗೆ ನಾಯಿ ಯಾವ ಲೆಕ್ಕ ಎಂದುಕೊಂಡೆ. ಐದು ದಿನ, ದಿನಕ್ಕೆರಡು. ಊಟ ಬಿಟ್ಟ ಮೇಲೂ ಬಾಯಿ ಬಿಡಿಸಿ ತುರುಕಿದೆ.

ನಾಲ್ಕನೆಯ ದಿನ ನೀನು ಮಹಡಿಯಿಂದ ಇಳಿದು ಬಂದು, "ಅತ್ತೆ, ಕಕ್ಕ ಕಪ್ಪಗೆ ಅಂಟಂಟಾಗಿದೆ, ಟಾರ್ ಥರ. ವಾಸನೆನೂ ಬೇರೆ" ಅಂದೆ.

"ರಾಗಿ ತಿನ್ನೋ ನಾಯಿದು ಕಪ್ಪಗಿರ್ದೆ ಬೆಳ್ಳಗಿರುತ್ತಾ? ಪರೀಕ್ಷೆ ಮಾಡ್ಕೊಂಡ್ ಕೂತ್ಕೋಬೇಡ, ತೊಳಿ ಕಣೇ" ಅಂದೆ. ಬಾಡಿಗೆಗಿರುವ ಲತಾ ಕೂಡ ನಕ್ಕಳು. ಅದು ರಾಗಿಯಲ್ಲ, ಮಾತ್ರೆಯಿಂದ ಹೊಟ್ಟೆಯೊಳಗೆ ಹುಣ್ಣಾಗಿ ಸುರಿದ ರಕ್ತ.

ಕೊನೆಗೆ ಪ್ರಾಣಿಗಳ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ತುಟಿ ಎತ್ತಿ ತೋರಿಸಿದಾಗ ವಸಡು ಸುಣ್ಣ ಬಳಿದಂತಿತ್ತು. ಸಂಪತ್ ಎಲ್ಲರೆದುರು ನಿನಗೆ, "ಮೂಳೆ ಹಾಕ್ಬೇಡ ಅಂತ ಎಷ್ಟ್ ಸಲ ಹೇಳ್ಲಿ? ಕೊಂದ್ಬಿಟ್ಯಲ್ಲ" ಅಂದ. ನೀನೇ ಮೆಟ್ರೋ ಸ್ಟೇಷನ್ ಕೆಳಗಿನಿಂದ ದುಪಟ್ಟಾದಲ್ಲಿ ಸುತ್ತಿ ತಂದು ಬೆಳೆಸಿದ ಮರಿ. ಸಂಜೆಯೊಳಗೆ ಜೀವ ಹೋಯಿತು. ನಾನು ಬಾಯಿ ಬಿಡಲಿಲ್ಲ.

ನಿನ್ನೆ ಸಂಪತ್‌ನನ್ನು ಕೂರಿಸಿ ಮಾತ್ರೆಯ ವಿಷಯ ಹೇಳಿದೆ. "ಅವಳ ಮುಖ ಹೆಂಗಮ್ಮ ನೋಡ್ಲಿ?" ಅಂದ. ಭಾನುವಾರ ಬರುತ್ತಾನೆ. ಅವನ ಜೊತೆ ಬರುವುದು ಬಿಡುವುದು ನಿನ್ನಿಷ್ಟ. ಬಾ ಎನ್ನುವ ಅಧಿಕಾರ ನನಗಿಲ್ಲ.

ನಿಮ್ಮಮ್ಮನ ಮನೆಯ ನಾಯಿಗೆ ವಯಸ್ಸಾಗಿದೆ, ಅದೂ ಕುಂಟಬಹುದು. ಮನುಷ್ಯರ ನೋವಿನ ಮಾತ್ರೆ ಅರ್ಧವೂ ಕೊಡಬೇಡಿ. ಆಗಾಗ ತುಟಿ ಎತ್ತಿ ನೋಡು, ವಸಡು ಗುಲಾಬಿ ಬಣ್ಣದಲ್ಲಿರಬೇಕು. ವಸಡು ಹುಟ್ಟಿನಿಂದಲೇ ಕಪ್ಪಿದ್ದರೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡು. ಬಿಳಿಚಿಕೊಂಡಿದ್ದರೆ ಆ ಗಳಿಗೆಯೇ ಡಾಕ್ಟರ ಬಳಿ ಒಯ್ಯಿ. ದೊಡ್ಡವರು ಬೇಡ ಅಂದರೂ ಕೇಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಮುನಿತಾಯಮ್ಮ

ತಾ.ಕ.: ಡಾಕ್ಟರು ಮೊದಲು ಕೇಳಿದ್ದೇ, "ಮನೇಲಿ ಏನಾದ್ರೂ ಮಾತ್ರೆ ಕೊಟ್ರಾ ಅಮ್ಮ?" ಎಂದು. "ಇಲ್ಲ" ಅಂದೆ. ಉಳಿದ ಮಾತ್ರೆಗಳು ನನ್ನ ಪರ್ಸಿನಲ್ಲೇ ಇದ್ದವು. ಮೂಳೆ ಹುಡುಕುವುದರಲ್ಲೇ ಮಧ್ಯಾಹ್ನವಾಯಿತು. ಮೊನ್ನೆ ಒಬ್ಬಳೇ ಹೋಗಿ, ಆಗಲೇ ಹೇಳಿದ್ದರೆ ಉಳಿಯುತ್ತಿತ್ತೇ ಎಂದು ಅವರನ್ನು ಕೇಳಿದೆ. "ಗ್ಯಾರಂಟಿ ಇಲ್ಲ ಅಮ್ಮ. ಆದ್ರೆ ಟೈಮ್ ಇತ್ತು" ಅಂದರು. ಈ ಸುಳ್ಳಿನ ವಿಷಯ ಸಂಪತ್‌ಗೆ ಇನ್ನೂ ಹೇಳಲಾಗಿಲ್ಲ. ನಾನು ಮುದ್ದೆಯಲ್ಲಿ ಮಾತ್ರೆ ಇಡುವಾಗ ನೀನು ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿದ್ದೆ. ನಾನು ಇಲ್ಲ ಅಂದಾಗ ನೀನು ನನ್ನ ಮುಖ ನೋಡಿದೆ, ಆಮೇಲೆ ತಲೆ ತಗ್ಗಿಸಿದೆ. ನನ್ನ ಮಾನ ಉಳಿಸಲು ಸುಮ್ಮನಿದ್ದೆಯೋ, ನನಗೆ ಹೆದರಿಯೋ? ಹೆದರಿ ಎಂದಾದರೆ, ಆರು ವರ್ಷದಿಂದ ಆ ಹೆದರಿಕೆಯನ್ನು ನಿನಗೆ ಕಲಿಸಿದವಳು ನಾನೇ.